ಯಾಲ್ಟಾದಲ್ಲಿ ಪೋಲೆಂಡನ್ನು ಮಾರಿದರೇ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಬಗ್ಗೆ ಓದುವಾಗಲೆಲ್ಲ ಒಂದು ಮಾತು ಎದುರಾಗುತ್ತದೆ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ರೂಸ್‌ವೆಲ್ಟ್, ಪೋಲೆಂಡ್ ಸಮೇತ ಪೂರ್ವ ಯುರೋಪನ್ನು ಸ್ಟಾಲಿನ್‌ಗೆ ಮಾರಿಬಿಟ್ಟ ಎಂಬುದು ಆ ಮಾತು. ಇದು ನಿಜವೇ? ಹೆಗಲಿಗೆ ಹೆಗಲು ಕೊಟ್ಟು ಹಿಟ್ಲರನನ್ನು ಸೋಲಿಸಿದವರು ಒಂದೆರಡು ವರ್ಷಗಳಲ್ಲೇ ಹಗೆಗಳಾದದ್ದು ಹೇಗೆ? ಈ ಮಾತುಕತೆಗಳಲ್ಲಿ ಭಾರತದ ಪ್ರಸ್ತಾಪವೇನಾದರೂ ಇತ್ತೇ?

ಉತ್ತರ: ಮಾರಲಿಲ್ಲ. ಮಾರಲು ಸರಕು ರೂಸ್‌ವೆಲ್ಟನ ಕೈಯಲ್ಲಿ ಇರಲೇ ಇಲ್ಲ. ರೂಸ್‌ವೆಲ್ಟ್, ಚರ್ಚಿಲ್ ಮತ್ತು ಸ್ಟಾಲಿನ್ ಸೇರಿದ ಯಾಲ್ಟಾ ಸಭೆ ಆರಂಭವಾದ ಫೆಬ್ರವರಿ 4ರ ಹೊತ್ತಿಗೆ ಕೆಂಪು ಸೇನೆ ಪೋಲೆಂಡನ್ನು ಬಹುಮಟ್ಟಿಗೆ ಹಾದು ಓಡರ್ ನದಿಯ ದಡ ಮುಟ್ಟಿತ್ತು. ಅಲ್ಲಿಂದ ಬರ್ಲಿನ್ ಸುಮಾರು 70 ಕಿಲೋಮೀಟರ್. ಅತ್ತ ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಆರ್ಡೆನ್ಸ್ ಕಾಡುಗಳಲ್ಲಿ ಜರ್ಮನ್ನರ ಕೊನೆಯ ದೊಡ್ಡ ದಾಳಿಯನ್ನು ಆಗಷ್ಟೇ ಹಿಮ್ಮೆಟ್ಟಿಸಿದ್ದವು, ರೈನ್ ನದಿಯನ್ನು ಇನ್ನೂ ದಾಟಿರಲಿಲ್ಲ. ಬೇರೊಬ್ಬನ ಸೈನ್ಯ ಬಂದು ಕುಳಿತಿರುವ ನೆಲವನ್ನು ಯಾರೂ ದಾನ ಮಾಡಲಾಗುವುದಿಲ್ಲ, ಮಾರಲೂ ಆಗುವುದಿಲ್ಲ.

ಆದರೆ ಉತ್ತರವನ್ನು ಇಲ್ಲಿಗೇ ನಿಲ್ಲಿಸಿದರೆ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಇಬ್ಬರನ್ನೂ ಅಗ್ಗದಲ್ಲಿ ಖುಲಾಸೆ ಮಾಡಿದಂತಾಗುತ್ತದೆ. ಅವರ ತಪ್ಪು ಬೇರೆ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ. ಮುಚ್ಚಿದ ಕೋಣೆಯಲ್ಲಿ ತಾವು ಒಪ್ಪಿಕೊಂಡದ್ದನ್ನು ಅವರು ತಮ್ಮ ಜನರ ಮುಂದೆ ಒಪ್ಪಿಕೊಳ್ಳಲಿಲ್ಲ. ಕೋಣೆಯ ಮಾತೇ ನಿಜವಾದ ಒಪ್ಪಂದ, ಹೊರಗೆ ಓದುವ ಘೋಷಣೆ ಬರೀ ಅಲಂಕಾರ ಎಂದು ಸ್ಟಾಲಿನ್ ತಿಳಿದ. ಅಮೆರಿಕದ ಮತದಾರರಿಗೆ ಕೋಣೆಯ ಮಾತು ಗೊತ್ತೇ ಇರಲಿಲ್ಲ, ಅವರ ಪಾಲಿಗೆ ಘೋಷಣೆಯೇ ಒಪ್ಪಂದ. ಹೀಗಾಗಿ 1945ರ ಬೇಸಿಗೆಯ ಹೊತ್ತಿಗೆ ಎರಡೂ ಕಡೆಯವರು ತಮಗೆ ಮೋಸವಾಯಿತು ಎಂದು ಪ್ರಾಮಾಣಿಕವಾಗಿ ನಂಬಿದ್ದರು. ನೀವು ಕೇಳಿದ ಹಗೆತನದ ಬೇರು ಎಲ್ಲಿದೆ ಎಂದರೆ ನಾನು ಮೊದಲು ತೋರಿಸುವುದು ಈ ಅಂತರವನ್ನೇ.

ಇದನ್ನು ನೋಡಬೇಕಾದರೆ ಯಾಲ್ಟಾದಿಂದ ಹಿಂದಕ್ಕೆ ಹೋಗಬೇಕು. 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋಗದಿದ್ದರೆ ಈ ಮೂವರು ಒಂದೇ ಮೇಜಿನ ಮುಂದೆ ಕೂರುವ ಪ್ರಮೇಯವೇ ಬರುತ್ತಿರಲಿಲ್ಲ. ರಷ್ಯದ ಕ್ರಾಂತಿಯನ್ನು ತೊಟ್ಟಿಲಲ್ಲೇ ಕೊಲ್ಲಬೇಕೆಂದು ಹಟ ಹಿಡಿದಿದ್ದವನು ಇದೇ ಚರ್ಚಿಲ್. 1939ರ ಆಗಸ್ಟ್‌ನಲ್ಲಿ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡು ಪೋಲೆಂಡಿನ ಪೂರ್ವ ಭಾಗವನ್ನು ನುಂಗಿದವನು ಇದೇ ಸ್ಟಾಲಿನ್. ಇವರನ್ನು ಒಂದುಗೂಡಿಸಿದ್ದು ಸಮಾನ ಶತ್ರು ಮಾತ್ರ. ಅಂಥ ಮೈತ್ರಿಯಲ್ಲಿ ಪ್ರತಿಯೊಬ್ಬರೂ ಎಣಿಸುವುದು ಯಾರ ರಕ್ತ ಎಷ್ಟು ಹರಿಯಿತು ಎಂಬ ಲೆಕ್ಕವನ್ನು.

ರಕ್ತದ ಆ ಲೆಕ್ಕಕ್ಕೆ ಆಗಿನ ಹೆಸರು ಎರಡನೇ ರಣರಂಗ. ಫ್ರಾನ್ಸಿನ ಕರಾವಳಿಯಲ್ಲಿ ಸೈನ್ಯ ಇಳಿಸಿ ಜರ್ಮನಿಯನ್ನು ಪಶ್ಚಿಮದಿಂದಲೂ ಹಿಡಿಯಿರಿ ಎಂಬುದು ಸ್ಟಾಲಿನ್‌ನ ಬೇಡಿಕೆ. ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ವಾಷಿಂಗ್ಟನ್‌ಗೆ ಹೋಗಿ ಬಂದ ಮೇಲೆ 1942ರ ಜೂನ್‌ನಲ್ಲಿ ಹೊರಬಿದ್ದ ಪ್ರಕಟಣೆಯನ್ನು ಓದಿದವರಿಗೆ ಅದೇ ವರ್ಷ ದಾಳಿ ನಡೆಯುತ್ತದೆ ಎಂಬ ಭಾವನೆ ಬರುವಂತಿತ್ತು. ಎರಡು ತಿಂಗಳಲ್ಲೇ ಚರ್ಚಿಲ್ ಮಾಸ್ಕೋಗೆ ಹೋಗಿ ಈ ವರ್ಷ ಆಗುವುದಿಲ್ಲ ಎಂದು ಹೇಳಬೇಕಾಯಿತು. ಫ್ರಾನ್ಸ್ ಬದಲು ಉತ್ತರ ಆಫ್ರಿಕ ಏಕೆ ಎಂದು ವಿವರಿಸಲು ಅವನು ಮೊಸಳೆಯ ಚಿತ್ರ ಬರೆದು, ಗಟ್ಟಿ ಮೂತಿಗೂ ಹೊಡೆಯುತ್ತೇವೆ, ಮೆತ್ತನೆಯ ಹೊಟ್ಟೆಗೂ ಹೊಡೆಯುತ್ತೇವೆ ಎಂದು ಹೇಳಿದನಂತೆ. ಸ್ಟಾಲಿನ್ ಕೇಳಿಸಿಕೊಂಡ, ಆದರೆ ಮರೆಯಲಿಲ್ಲ. 1943ರ ಜೂನ್‌ನಲ್ಲಿ, ಆ ವರ್ಷವೂ ಇಲ್ಲ, 1944ಕ್ಕೆ ನೋಡೋಣ ಎಂಬ ಸಂದೇಶ ಬಂದಿತು. ಲಂಡನ್ ಮತ್ತು ವಾಷಿಂಗ್ಟನ್‌ನಲ್ಲಿದ್ದ ತನ್ನ ರಾಯಭಾರಿಗಳಾದ ಮೈಸ್ಕಿ ಮತ್ತು ಲಿಟ್ವಿನೋವ್ ಇಬ್ಬರನ್ನೂ ಸ್ಟಾಲಿನ್ ಹಿಂದಕ್ಕೆ ಕರೆಸಿಕೊಂಡ.

ಈ ವಿಳಂಬಕ್ಕೆ ಸಕಾರಣಗಳು ಇದ್ದವು. ದಡ ಮುಟ್ಟಿಸುವ ದೋಣಿಗಳು ಸಾಕಷ್ಟಿರಲಿಲ್ಲ, ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟವಿತ್ತು, ಅಮೆರಿಕದ ಸೈನ್ಯ ಇನ್ನೂ ಪಳಗಿರಲಿಲ್ಲ. ನಾಜಿಗಳೂ ಕಮ್ಯುನಿಸ್ಟರೂ ಪರಸ್ಪರ ಕಡಿದಾಡಿ ಸಾಯಲಿ ಎಂದು ಕಾದು ಕುಳಿತರು ಎಂಬ ಸೋವಿಯತ್ ಆರೋಪವನ್ನು ನಾನು ಒಪ್ಪುವುದಿಲ್ಲ. ಆದರೆ ಯುದ್ಧ ಮುಗಿಯುವ ಹೊತ್ತಿಗೆ ಸೋವಿಯತ್ ಒಕ್ಕೂಟ ಕಳೆದುಕೊಂಡದ್ದು ಸುಮಾರು 2 ಕೋಟಿ 70 ಲಕ್ಷ ಜೀವಗಳನ್ನು, ಅಮೆರಿಕ ಕಳೆದುಕೊಂಡದ್ದು ಸುಮಾರು 4 ಲಕ್ಷ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟುಕೊಂಡವನಿಗೆ ದೋಣಿಗಳ ಲೆಕ್ಕ ಒಪ್ಪಿಗೆಯಾಗುವುದು ಕಷ್ಟ. ಇನ್ನೊಂದು ಪರಿಣಾಮವನ್ನು ಪಶ್ಚಿಮದ ಟೀಕಾಕಾರರು ಮರೆಯುತ್ತಾರೆ. ಫ್ರಾನ್ಸಿನಲ್ಲಿ ಇಳಿಯುವುದು 1944ರ ಜೂನ್‌ವರೆಗೆ ತಡವಾದ್ದರಿಂದಲೇ ಎರಡೂ ಕಡೆಯ ಸೇನೆಗಳು ಸಂಧಿಸುವ ಗೆರೆ ಪೋಲೆಂಡಿನಲ್ಲಿ ಬೀಳದೆ ಜರ್ಮನಿಯ ನಡುವೆ ಬಿತ್ತು. ಯಾಲ್ಟಾದಲ್ಲಿ ಏನಾಯಿತು ಎಂದು ಕೇಳುವವರು ಮೊದಲು ಕೇಳಬೇಕಾದದ್ದು 1942–43ರಲ್ಲಿ ಏನಾಗಲಿಲ್ಲ ಎಂಬುದನ್ನು.

ಪೋಲೆಂಡಿನ ಹಣೆಬರಹ ಬರೆದ ಸಭೆ ಯಾವುದು ಎಂದು ಒಂದನ್ನು ಆರಿಸಲೇಬೇಕಾದರೆ ನಾನು ಯಾಲ್ಟಾವನ್ನಲ್ಲ, ಟೆಹರಾನ್ ಅನ್ನು ಆರಿಸುತ್ತೇನೆ. 1943ರ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ ಮೂವರೂ ಮೊದಲ ಬಾರಿಗೆ ಒಟ್ಟಿಗೆ ಸೇರಿದ್ದು ಅಲ್ಲಿ. ಊರಲ್ಲಿ ಜರ್ಮನ್ ಹಂತಕರಿದ್ದಾರೆ ಎಂಬ ಕಾರಣ ಹೇಳಿ ರೂಸ್‌ವೆಲ್ಟನನ್ನು ಸೋವಿಯತ್ ರಾಯಭಾರ ಕಚೇರಿಯ ಆವರಣದಲ್ಲೇ ಇಳಿಸಿಕೊಂಡರು, ಅವನ ಕೋಣೆಯ ಮಾತುಗಳನ್ನು ಕದ್ದು ಕೇಳುವ ಏರ್ಪಾಡನ್ನೂ ಮಾಡಿಕೊಂಡರು. ರೂಸ್‌ವೆಲ್ಟನಿಗೆ ಸ್ಟಾಲಿನ್‌ನ ವಿಶ್ವಾಸ ಗಳಿಸುವ ಆತುರ. ಚರ್ಚಿಲ್ ಪ್ರತ್ಯೇಕವಾಗಿ ಭೇಟಿಯಾಗಲು ಬಯಸಿದರೆ ನಿರಾಕರಿಸುತ್ತಿದ್ದ, ಸ್ಟಾಲಿನ್ ಜೊತೆ ಮಾತ್ರ ಪ್ರತ್ಯೇಕವಾಗಿ ಕೂರುತ್ತಿದ್ದ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಯುದ್ಧ ಮುಗಿದ ಮೇಲೆ 50 ಸಾವಿರ ಜರ್ಮನ್ ಅಧಿಕಾರಿಗಳನ್ನು ಗುಂಡಿಟ್ಟು ಕೊಲ್ಲಬೇಕು ಎಂದು ಸ್ಟಾಲಿನ್ ಹೇಳಿದಾಗ ಚರ್ಚಿಲ್ ಸಿಟ್ಟಿಗೆದ್ದು ಕೋಣೆಯಿಂದ ಹೊರನಡೆದ. 49 ಸಾವಿರ ಸಾಕು ಎಂಬಂತೆ ತಮಾಷೆ ಮಾಡಿದವನು ರೂಸ್‌ವೆಲ್ಟ್.

ಈ ತಮಾಷೆಯ ಹಿನ್ನೆಲೆ ಕ್ರೂರವಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಟೀನ್ ಕಾಡಿನಲ್ಲಿ ಪೋಲಿಷ್ ಅಧಿಕಾರಿಗಳ ಸಾಮೂಹಿಕ ಗೋರಿಗಳು ಸಿಕ್ಕಿವೆ ಎಂದು ಜರ್ಮನ್ನರು ಪ್ರಕಟಿಸಿದ್ದರು. 1940ರಲ್ಲಿ ಸ್ಟಾಲಿನ್‌ನ ಗುಪ್ತ ಪೊಲೀಸರು ಕಟೀನ್ ಮತ್ತು ಇತರ ಕಡೆಗಳಲ್ಲಿ ಕೊಂದ ಸುಮಾರು 22 ಸಾವಿರ ಪೋಲರಲ್ಲಿ ಅವರೂ ಸೇರಿದ್ದರು. ಸತ್ಯವನ್ನು ಮಾಸ್ಕೋ ಒಪ್ಪಿಕೊಂಡದ್ದು 1990ರಲ್ಲಿ. 1943ರಲ್ಲಿ ಅದು ಮಾಡಿದ್ದು, ತನಿಖೆ ಬೇಡಿದ ಲಂಡನ್‌ನ ಪೋಲಿಷ್ ದೇಶಭ್ರಷ್ಟ ಸರ್ಕಾರದ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡದ್ದು. ಬ್ರಿಟನ್ ಯುದ್ಧಕ್ಕೆ ಇಳಿದದ್ದೇ ಪೋಲೆಂಡಿಗಾಗಿ. ಆದರೂ ಮೈತ್ರಿ ಉಳಿಯಬೇಕೆಂದು ಚರ್ಚಿಲ್ ತುಟಿ ಬಿಚ್ಚಲಿಲ್ಲ.

ಟೆಹರಾನ್‌ನಲ್ಲಿ ಮೊದಲ ದಿನದ ರಾತ್ರಿಯೇ ಚರ್ಚಿಲ್ ಮೂರು ಬೆಂಕಿಕಡ್ಡಿಗಳನ್ನು ಮೇಜಿನ ಮೇಲಿಟ್ಟು ಪೋಲೆಂಡನ್ನು ಪಶ್ಚಿಮಕ್ಕೆ ಸರಿಸಿ ತೋರಿಸಿದ. ಪೂರ್ವದಲ್ಲಿ ಕರ್ಜನ್ ರೇಖೆಯವರೆಗಿನ (ಮೊದಲ ಮಹಾಯುದ್ಧದ ನಂತರ ಪೋಲೆಂಡ್ ಮತ್ತು ರಷ್ಯದ ನಡುವೆ ಸೂಚಿಸಿದ್ದ ಗಡಿ) ನೆಲ ಸೋವಿಯತ್ ಒಕ್ಕೂಟಕ್ಕೆ, ಅದರ ಬದಲು ಪೋಲೆಂಡಿಗೆ ಓಡರ್ ನದಿಯ ಕಡೆ ಜರ್ಮನಿಯ ನೆಲ. ಸ್ಟಾಲಿನ್‌ಗೆ ಸಂತೋಷವಾಯಿತು. ಆಗದೆ ಇರುತ್ತದೆಯೇ? ಆ ರೇಖೆ 1939ರಲ್ಲಿ ಹಿಟ್ಲರನ ಜೊತೆ ಸೇರಿ ಅವನು ಎಳೆದುಕೊಂಡಿದ್ದ ಗೆರೆಗೆ ಬಹುಪಾಲು ಹೊಂದುತ್ತಿತ್ತು. ಲಂಡನ್‌ನಲ್ಲಿದ್ದ ಪೋಲಿಷ್ ಮಂತ್ರಿಗಳನ್ನು ಯಾರೂ ಕೇಳಲಿಲ್ಲ.

ಡಿಸೆಂಬರ್ 1ರಂದು ರೂಸ್‌ವೆಲ್ಟ್ ಸ್ಟಾಲಿನ್‌ನನ್ನು ಒಬ್ಬನೇ ಕಂಡು ಹೇಳಿದ ಮಾತು ನನ್ನ ದೃಷ್ಟಿಯಲ್ಲಿ ಇಡೀ ಯುದ್ಧಕಾಲದ ರಾಜತಂತ್ರದಲ್ಲೇ ಅತ್ಯಂತ ದುಬಾರಿ ಮಾತು. 1944ರಲ್ಲಿ ಅಮೆರಿಕದಲ್ಲಿ ಚುನಾವಣೆ ಇದೆ, ಅಲ್ಲಿ ಪೋಲಿಷ್ ಮೂಲದ 60–70 ಲಕ್ಷ ಜನರಿದ್ದಾರೆ, ಅವರ ಮತ ಕಳೆದುಕೊಳ್ಳಲಾರೆ. ಗಡಿ ಸರಿಸುವುದು ನನಗೆ ಒಪ್ಪಿಗೆಯೇ, ಆದರೆ ಈಗ ಬಹಿರಂಗವಾಗಿ ಅದರಲ್ಲಿ ಭಾಗವಹಿಸಲಾರೆ. ಇದು ಅದರ ಸಾರ. ಅರ್ಥವಾಯಿತು ಎಂದು ಸ್ಟಾಲಿನ್ ಹೇಳಿದ. ಅವನಿಗೆ ಏನು ಅರ್ಥವಾಗಿರಬೇಕು ಎಂದು ಊಹಿಸಿ. ಪೋಲೆಂಡ್ ಅಮೆರಿಕಕ್ಕೆ ಮತಪೆಟ್ಟಿಗೆಯ ಸಮಸ್ಯೆ. ಮುಂದೆ ಇವರು ಪ್ರಜಾಪ್ರಭುತ್ವದ ಬಗ್ಗೆ ಏನು ಮಾತಾಡಿದರೂ ಅದು ಮನೆಯ ಮಂದಿಗಾಗಿ, ತನಗಾಗಿ ಅಲ್ಲ.

ಇಷ್ಟು ಸಾಲದೆಂಬಂತೆ 1944ರ ಅಕ್ಟೋಬರ್ 9ರ ರಾತ್ರಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಹಾಳೆಯ ಮೇಲೆ ದೇಶಗಳ ಹೆಸರನ್ನೂ ಅಲ್ಲಿನ ಪ್ರಭಾವದ ಶೇಕಡಾವಾರನ್ನೂ ಬರೆದು ಸ್ಟಾಲಿನ್ ಕಡೆ ತಳ್ಳಿದ. ರುಮೇನಿಯದಲ್ಲಿ ರಷ್ಯಕ್ಕೆ ಶೇ. 90, ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇ. 90, ಯುಗೊಸ್ಲಾವಿಯ ಮತ್ತು ಹಂಗೆರಿ ಅರ್ಧರ್ಧ, ಬಲ್ಗೇರಿಯದಲ್ಲಿ ರಷ್ಯಕ್ಕೆ ಶೇ. 75. ಸ್ಟಾಲಿನ್ ನೀಲಿ ಪೆನ್ಸಿಲಿನಿಂದ ಸರಿ ಗುರುತು ಹಾಕಿ ಹಿಂದಕ್ಕೆ ಕೊಟ್ಟ. ಲಕ್ಷಾಂತರ ಜನರ ಬದುಕನ್ನು ಇಷ್ಟು ಹಗುರವಾಗಿ ತೀರ್ಮಾನಿಸಿದರು ಎಂದು ಜನ ಆಡಿಕೊಂಡಾರು, ಸುಟ್ಟುಬಿಡೋಣವೇ ಎಂದು ಚರ್ಚಿಲ್ ಕೇಳಿದ. ಬೇಡ, ನೀವೇ ಇಟ್ಟುಕೊಳ್ಳಿ ಎಂದ ಸ್ಟಾಲಿನ್. ಮರುದಿನ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಈಡನ್ ಮತ್ತು ಮೊಲೊಟೊವ್ ಕುಳಿತು ಹಂಗೆರಿ, ಬಲ್ಗೇರಿಯಗಳ ಅಂಕಿಗಳನ್ನು ಸಂತೆಯಲ್ಲಿ ಚೌಕಾಸಿ ಮಾಡುವಂತೆ ಏರಿಸಿ ಇಳಿಸಿದರು. ಒಂದು ದೇಶದಲ್ಲಿ ಶೇ. 75 ಪ್ರಭಾವ ಎಂದರೇನು? ಮಂತ್ರಿಗಳಲ್ಲಿ ಮುಕ್ಕಾಲು ಪಾಲೇ, ಪೊಲೀಸರಲ್ಲೇ? ಕೇಳಿದರೆ ಆ ಇಬ್ಬರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ.

ಆ ಹಾಳೆಯಲ್ಲಿ ಪೋಲೆಂಡಿನ ಹೆಸರಿರಲಿಲ್ಲ ಎಂಬುದನ್ನು ಗಮನಿಸಿ. ಆದರೆ ಗ್ರೀಸ್ ಇತ್ತು, ಅಲ್ಲಿ ನಡೆದದ್ದು ಕಣ್ಣು ತೆರೆಸುವಂಥದು. 1944ರ ಡಿಸೆಂಬರ್‌ನಲ್ಲಿ ಅಥೆನ್ಸಿನ ಬೀದಿಗಳಲ್ಲಿ ಬ್ರಿಟಿಷ್ ಸೇನೆ, ನಾಜಿಗಳ ವಿರುದ್ಧ ಹೋರಾಡಿದ್ದ ಗ್ರೀಕ್ ಕಮ್ಯುನಿಸ್ಟರ ಪಡೆಯ ಮೇಲೆ ಗುಂಡು ಹಾರಿಸಿತು. ಲಂಡನ್ ಮತ್ತು ನ್ಯೂಯಾರ್ಕಿನ ಪತ್ರಿಕೆಗಳು ಚರ್ಚಿಲ್‌ನನ್ನು ಉಗಿದವು. ಸ್ಟಾಲಿನ್ ಮಾತ್ರ ಬಾಯಿ ಬಿಡಲಿಲ್ಲ. ತನ್ನವರೇ ಆದ ಗ್ರೀಕ್ ಸಂಗಾತಿಗಳನ್ನು ಅವನು ಕೈಬಿಟ್ಟ. ಕೋಣೆಯ ಮಾತನ್ನು ಅವನು ಪಾಲಿಸಿದ. ಇನ್ನು ರುಮೇನಿಯದಲ್ಲಿ ತಾನೇನು ಮಾಡಿದರೂ ಚರ್ಚಿಲ್ ಅಷ್ಟೇ ಮೌನವಾಗಿರಬೇಕು ಎಂದು ಅವನು ನಿರೀಕ್ಷಿಸಿದರೆ ಅದರಲ್ಲಿ ಅವನದೇ ಆದ ಒಂದು ನ್ಯಾಯವಿತ್ತು.

ಸ್ಟಾಲಿನ್‌ನನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಅದೇ ವರ್ಷ ಆಗಸ್ಟ್ 1ರಂದು ವಾರ್ಸಾದ ಜನ ಜರ್ಮನ್ನರ ವಿರುದ್ಧ ದಂಗೆಯೆದ್ದಾಗ ಕೆಂಪು ಸೇನೆ ವಿಸ್ಟುಲಾ ನದಿಯ ಬಳಿ ನಿಂತಿತ್ತು. ಸೈನ್ಯ ದಣಿದಿತ್ತು ಎಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಆಹಾರ ಮತ್ತು ಶಸ್ತ್ರಾಸ್ತ್ರ ಎಸೆಯಲು ಬರುವ ಅಮೆರಿಕ–ಬ್ರಿಟಿಷ್ ವಿಮಾನಗಳು ಸೋವಿಯತ್ ನೆಲದಲ್ಲಿ ಇಳಿಯಲು ಸೆಪ್ಟೆಂಬರ್ ಮಧ್ಯದವರೆಗೆ ಅನುಮತಿ ಕೊಡದಿದ್ದಕ್ಕೆ ಯಾವ ದಣಿವಿನ ನೆಪವೂ ಇಲ್ಲ. ದಂಗೆಯ ನಾಯಕರು ಲಂಡನ್ ಸರ್ಕಾರದವರು, ಸತ್ತರೆ ಲ್ಯೂಬ್ಲಿನ್‌ನಲ್ಲಿ ತಾನು ಕೂರಿಸಿದ್ದ ಕಮ್ಯುನಿಸ್ಟ್ ಸಮಿತಿಗೆ ದಾರಿ ಸುಗಮ. ಅಕ್ಟೋಬರ್ 2ರಂದು ವಾರ್ಸಾ ಶರಣಾಯಿತು. 1945ರ ಜನವರಿಯಲ್ಲಿ ಲ್ಯೂಬ್ಲಿನ್ ಸಮಿತಿಯನ್ನೇ ಪೋಲೆಂಡಿನ ಸರ್ಕಾರ ಎಂದು ಮಾಸ್ಕೋ ಮಾನ್ಯ ಮಾಡಿತು, ಯಾಲ್ಟಾಕ್ಕೆ ಇನ್ನೇನು ಒಂದು ತಿಂಗಳಿರುವಾಗ.

ಈಗ ಯಾಲ್ಟಾ. ಜರ್ಮನ್ನರು ಲೂಟಿ ಮಾಡಿ ಬಿಟ್ಟುಹೋಗಿದ್ದ ಕ್ರಿಮಿಯದ ಅರಮನೆಗಳನ್ನು ಅವಸರದಲ್ಲಿ ಸಜ್ಜುಗೊಳಿಸಿ, ಮಾಸ್ಕೋದ ಹೋಟೆಲುಗಳಿಂದ ಪೀಠೋಪಕರಣ ತರಿಸಿ ಅತಿಥಿಗಳನ್ನು ಇಳಿಸಿದ್ದರು. ತ್ಸಾರ್ ದೊರೆಯ ಬೇಸಿಗೆ ಅರಮನೆಯಾಗಿದ್ದ ಲಿವಾಡಿಯದಲ್ಲಿ ಸಭೆ. ವಾರದಲ್ಲಿ ಅತಿ ಹೆಚ್ಚು ಹೊತ್ತು ತಿಂದ ವಿಷಯ ಪೋಲೆಂಡ್. ಬ್ರಿಟನ್ನಿಗೆ ಇದು ಮರ್ಯಾದೆಯ ಪ್ರಶ್ನೆ ಎಂದ ಚರ್ಚಿಲ್. ನಮಗೆ ಮರ್ಯಾದೆಯದೂ ಹೌದು, ಭದ್ರತೆಯದೂ ಹೌದು, ಮೂವತ್ತು ವರ್ಷಗಳಲ್ಲಿ ಎರಡು ಬಾರಿ ಜರ್ಮನ್ನರು ನಮ್ಮ ಮೇಲೆ ಬಂದದ್ದು ಈ ದಾರಿಯಲ್ಲೇ ಎಂದು ಸ್ಟಾಲಿನ್ ಎದ್ದು ನಿಂತು ಉತ್ತರಿಸಿದ. ಆ ವಾದ ಸುಳ್ಳಲ್ಲ. ಆದರೆ ಪೋಲರು ಸ್ವತಂತ್ರವಾಗಿ ಆರಿಸುವ ಯಾವ ಸರ್ಕಾರವೂ ಕಟೀನ್ ಆದ ಮೇಲೆ ಮಾಸ್ಕೋಗೆ ಸ್ನೇಹಪರವಾಗಿ ಇರುವುದು ಸಾಧ್ಯವಿರಲಿಲ್ಲ. ಮುಕ್ತ ಚುನಾವಣೆ ಮತ್ತು ಸ್ನೇಹಪರ ಸರ್ಕಾರ ಎರಡೂ ಬೇಕು ಎಂದು ಮೂವರೂ ಒಪ್ಪಿದರು, ಎರಡೂ ಒಟ್ಟಿಗೆ ಇರಲಾರವು ಎಂಬುದು ಮೂವರಿಗೂ ಗೊತ್ತಿತ್ತು.

ಕೊನೆಗೆ ಹೊರಬಂದ ವಾಕ್ಯಗಳು ಅಡ್ಡಗೋಡೆಯ ಮೇಲಿಟ್ಟ ದೀಪದಂತಿದ್ದವು. ಈಗಿರುವ ಸರ್ಕಾರವನ್ನು ವಿಶಾಲ ಪ್ರಜಾಸತ್ತಾತ್ಮಕ ತಳಹದಿಯ ಮೇಲೆ ಪುನರ್‌ರಚಿಸಬೇಕು, ಆದಷ್ಟು ಬೇಗ ನಿರ್ಬಂಧವಿಲ್ಲದ ಚುನಾವಣೆ ನಡೆಸಬೇಕು. ಎಷ್ಟು ಮಂದಿ ಹೊಸಬರು? ಯಾರು ನಿರ್ಧರಿಸುವವರು? ಚುನಾವಣೆಯನ್ನು ನೋಡಿಕೊಳ್ಳುವವರು ಯಾರು? ಒಂದಕ್ಕೂ ಉತ್ತರವಿಲ್ಲ. ಚುನಾವಣೆ ಸೀಸರನ ಹೆಂಡತಿಯಂತೆ ಸಂದೇಹಕ್ಕೆ ಅತೀತವಾಗಿರಬೇಕು ಎಂದು ರೂಸ್‌ವೆಲ್ಟ್ ಹೇಳಿದಾಗ, ಅವಳ ಬಗ್ಗೆ ಹಾಗೆ ಹೇಳುತ್ತಿದ್ದರು, ನಿಜದಲ್ಲಿ ಅವಳೂ ಪಾಪ ಮಾಡಿದ್ದಳು ಎಂದು ಸ್ಟಾಲಿನ್ ನಕ್ಕ. ಈ ಕರಡನ್ನು ನೋಡಿದ ರೂಸ್‌ವೆಲ್ಟನ ಸೇನಾ ಸಲಹೆಗಾರ ಅಡ್ಮಿರಲ್ ಲೀಹಿ, ಇದನ್ನು ರಷ್ಯನ್ನರು ಯಾಲ್ಟಾದಿಂದ ವಾಷಿಂಗ್ಟನ್‌ವರೆಗೆ ಎಳೆದರೂ ಹರಿಯುವುದಿಲ್ಲ ಎಂದ. ಗೊತ್ತು, ಸದ್ಯಕ್ಕೆ ಪೋಲೆಂಡಿಗೆ ನನ್ನಿಂದ ಆಗುವುದು ಇಷ್ಟೇ ಎಂಬುದು ರೂಸ್‌ವೆಲ್ಟನ ಉತ್ತರ. ಕಾಯಿಲೆಯ ಮನುಷ್ಯ ಮೋಸಹೋದ ಎಂಬ ಕಥೆಯನ್ನು ಈ ಒಂದು ಸಂಭಾಷಣೆಯೇ ತಳ್ಳಿಹಾಕುತ್ತದೆ. ದೇಹ ಸೋತಿತ್ತು, ಎರಡು ತಿಂಗಳಲ್ಲಿ ಅವನು ತೀರಿಕೊಂಡ, ಆದರೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಅವನಿಗೆ ಬೇಕಾಗಿದ್ದದ್ದು ಬೇರೆ ಎರಡು: ಜಪಾನ್ ವಿರುದ್ಧ ಸೋವಿಯತ್ ಸೇನೆ, ವಿಶ್ವಸಂಸ್ಥೆಯಲ್ಲಿ ಸೋವಿಯತ್ ಸದಸ್ಯತ್ವ. ಪರಮಾಣು ಬಾಂಬ್ ಇನ್ನೂ ಪರೀಕ್ಷೆಯಾಗಿರಲಿಲ್ಲ. ಎರಡನ್ನೂ ಪಡೆದ. ಅದಕ್ಕೆ ಬೆಲೆಯಾಗಿ ಚೀನಾದ ಬಂದರು ಮತ್ತು ರೈಲುಮಾರ್ಗಗಳಲ್ಲಿ ಸ್ಟಾಲಿನ್‌ಗೆ ಹಕ್ಕು ಕೊಡಿಸಿದ, ಅದನ್ನು ಚೀನಾದ ನಾಯಕ ಚಿಯಾಂಗ್ ಕೈ-ಶೆಕ್‌ಗೆ ಆಗ ತಿಳಿಸಲೂ ಇಲ್ಲ. ಮಾರಾಟ ಎಂಬ ಮಾತು ನಿಜಕ್ಕೂ ಹೊಂದುವುದಾದರೆ ಅದು ಇಲ್ಲಿಗೆ.

ಜರ್ಮನಿಯ ವಿಭಜನೆ ಯಾಲ್ಟಾದಲ್ಲಾಯಿತು ಎಂಬುದೂ ಪೂರ್ತಿ ಸರಿಯಲ್ಲ. ಸೋತ ಜರ್ಮನಿಯನ್ನು ಆಳಲು ಹಂಚಿಕೊಳ್ಳುವ ವಲಯಗಳ ಗೆರೆಗಳನ್ನು ಲಂಡನ್‌ನಲ್ಲಿ ಮೂರೂ ದೇಶಗಳ ಅಧಿಕಾರಿಗಳ ಆಯೋಗವೊಂದು 1944ರಲ್ಲೇ ಹಾಕಿತ್ತು. ಯಾಲ್ಟಾ ಅದಕ್ಕೆ ಫ್ರಾನ್ಸಿನ ವಲಯವನ್ನು ಸೇರಿಸಿತು, ಅದನ್ನೂ ಪಶ್ಚಿಮದ ಪಾಲಿನಿಂದಲೇ ಕತ್ತರಿಸಿ ಕೊಟ್ಟರು. ಸೇನೆಗಳು ಸಂಧಿಸಿದಾಗ ಅಮೆರಿಕನ್ನರು ಆ ಗೆರೆಯನ್ನು ದಾಟಿ ಬಹಳ ಪೂರ್ವಕ್ಕೆ ಬಂದಿದ್ದರು. 1945ರ ಜುಲೈಯಲ್ಲಿ ಅವರು ಥುರಿಂಗಿಯ ಮತ್ತು ಸ್ಯಾಕ್ಸನಿಯಿಂದ ಹಿಂದೆ ಸರಿದು ಆ ನೆಲವನ್ನು ಸೋವಿಯತ್ ಸೇನೆಗೆ ಬಿಟ್ಟರು, ಬರ್ಲಿನ್ನಿನ ಪಶ್ಚಿಮ ಭಾಗಕ್ಕೆ ಕಾಲಿಟ್ಟರು. ಕಾಗದದ ಮೇಲಿನ ಗೆರೆಗಳನ್ನು ಎರಡೂ ಕಡೆಯವರು ಪಾಲಿಸಿದ ಪ್ರಸಂಗಗಳೂ ಉಂಟು ಎಂಬುದಕ್ಕೆ ಇದನ್ನು ಹೇಳಿದೆ. ಸ್ಪಷ್ಟವಾಗಿ ಬರೆದದ್ದು ಉಳಿಯಿತು, ಜಗಳ ಹುಟ್ಟಿದ್ದು ಮಸುಕಾಗಿ ಬರೆದ ಕಡೆ.

ಮಾರ್ಚ್ 1ರಂದು ರೂಸ್‌ವೆಲ್ಟ್ ಅಮೆರಿಕದ ಸಂಸತ್ತಿನ ಮುಂದೆ ಕುಳಿತುಕೊಂಡೇ ಭಾಷಣ ಮಾಡಿದ. ಏಕಪಕ್ಷೀಯ ಕ್ರಮಗಳು, ಪ್ರಭಾವ ವಲಯಗಳು, ಬಲಸಮತೋಲನದ ಹಳೆಯ ಆಟ, ಇವೆಲ್ಲದರ ಕೊನೆ ಯಾಲ್ಟಾದಿಂದ ಆರಂಭವಾಗಬೇಕು ಎಂದು ಹೇಳಿದ. ಎರಡು ದಿನ ಮುಂಚೆ ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಸೋವಿಯತ್ ನಾಯಕರು ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬ ಭರವಸೆ ಕೊಟ್ಟಿದ್ದ. ಸರಿಯಾಗಿ ಅದೇ ದಿನ, ಫೆಬ್ರವರಿ 27ರಂದು, ಸೋವಿಯತ್ ಉಪ ವಿದೇಶಾಂಗ ಮಂತ್ರಿ ವಿಶಿನ್ಸ್ಕಿ ಬುಖಾರೆಸ್ಟ್‌ನಲ್ಲಿ ಇಳಿದು ಸರ್ಕಾರ ಬದಲಿಸುವಂತೆ ರುಮೇನಿಯದ ದೊರೆ ಮೈಕೇಲ್‌ನ ಮೇಲೆ ಒತ್ತಡ ಹೇರಿದ. ಮಾರ್ಚ್ 6ಕ್ಕೆ ಮಾಸ್ಕೋ ಬಯಸಿದ ಗ್ರೋಜಾ ಪ್ರಧಾನಿಯಾದ. ಚರ್ಚಿಲ್‌ಗೆ ಪ್ರತಿಭಟಿಸಬೇಕೆನಿಸಿದರೂ ಬಾಯಿ ಕಟ್ಟಿತ್ತು, ಕಾರಣ ಅವನ ಕೈಬರಹದ ಆ ಹಾಳೆ. ಅದೇ ತಿಂಗಳು ಮಾತುಕತೆಗೆಂದು ಕರೆದು ಪೋಲಿಷ್ ಭೂಗತ ಚಳವಳಿಯ 16 ನಾಯಕರನ್ನು ಸೋವಿಯತ್ ಪೊಲೀಸರು ಬಂಧಿಸಿದರು. ಘೋಷಣೆಯನ್ನು ನಂಬಿದ್ದ ಅಮೆರಿಕನ್ನರಿಗೆ ಇದು ನೇರ ವಿಶ್ವಾಸಘಾತ.

ಏಪ್ರಿಲ್ 12ರಂದು ರೂಸ್‌ವೆಲ್ಟ್ ಸತ್ತ. ಅವನ ನಂತರ ಅಧ್ಯಕ್ಷನಾದ ಟ್ರೂಮನ್‌ಗೆ ಕೋಣೆಯ ಮಾತುಗಳು ಗೊತ್ತಿರಲಿಲ್ಲ, ಕಾಗದಗಳನ್ನು ಓದಿ ಬಂದವನು ಅವನು. ಏಪ್ರಿಲ್ 23ರಂದು ಮೊಲೊಟೊವ್‌ನನ್ನು ಕೂರಿಸಿಕೊಂಡು ಒಪ್ಪಂದ ಪಾಲಿಸಿ ಎಂದು ಖಾರವಾಗಿಯೇ ಹೇಳಿದ. ಜರ್ಮನಿ ಶರಣಾದ ಕೆಲವೇ ದಿನಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿದ್ದ ಯುದ್ಧ ನೆರವನ್ನು ಅಮೆರಿಕ ಥಟ್ಟನೆ ನಿಲ್ಲಿಸಿತು, ಹೊರಟಿದ್ದ ಹಡಗುಗಳನ್ನೂ ಹಿಂದಕ್ಕೆ ತಿರುಗಿಸಿತು. ತಪ್ಪಾಯಿತೆಂದು ಮತ್ತೆ ಕಳಿಸಿದರೂ ಆದ ಅವಮಾನ ಆಗಿಹೋಗಿತ್ತು. ಸುಮಾರು ಅದೇ ಹೊತ್ತಿನಲ್ಲಿ ಚರ್ಚಿಲ್ ತನ್ನ ಸೇನಾಧಿಕಾರಿಗಳಿಗೆ ಕೆಂಪು ಸೇನೆಯನ್ನು ಬಲದಿಂದ ಹಿಂದೆ ತಳ್ಳಬಹುದೇ ಎಂಬ ಯೋಜನೆ ತಯಾರಿಸಲು ಹೇಳಿದ್ದ. ಆಗದು ಎಂಬ ವರದಿ ಬಂದಿತು. ಯಾಲ್ಟಾದಲ್ಲಿ ಗಟ್ಟಿಯಾಗಿ ನಿಲ್ಲಬಾರದಿತ್ತೇ ಎನ್ನುವವರು ಆ ವರದಿಯನ್ನು ನೆನಪಿಟ್ಟುಕೊಳ್ಳಬೇಕು.

ಪಾಟ್ಸ್‌ಡ್ಯಾಮ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅಲ್ಲಿ ಮಾತುಕತೆಗಿಂತ ಲೆಕ್ಕಪತ್ರವೇ ಹೆಚ್ಚು. ಜುಲೈ 17ರಿಂದ ಆಗಸ್ಟ್ 2ರವರೆಗೆ ಸಭೆ, ಅದಕ್ಕೆ ಹಿಂದಿನ ದಿನ ಅಮೆರಿಕದ ಮರುಭೂಮಿಯಲ್ಲಿ ಬಾಂಬ್ ಪರೀಕ್ಷೆ. ಜುಲೈ 24ರಂದು ಟ್ರೂಮನ್ ಸ್ಟಾಲಿನ್ ಬಳಿಗೆ ಹೋಗಿ ಅಸಾಧಾರಣ ವಿನಾಶಶಕ್ತಿಯ ಹೊಸ ಅಸ್ತ್ರವಿದೆ ಎಂದಷ್ಟೇ ಹೇಳಿದ. ಸ್ಟಾಲಿನ್ ಮುಖದಲ್ಲಿ ಏನೂ ತೋರಿಸಲಿಲ್ಲ, ಕ್ಲಾಸ್ ಫುಕ್ಸ್‌ನಂಥ ಗೂಢಚಾರರ ಮೂಲಕ ಅವನಿಗೆ ವಿಷಯ ಮೊದಲೇ ತಲುಪಿತ್ತು. ಮಿತ್ರನಿಂದ ಮುಚ್ಚಿಟ್ಟ ಗುಟ್ಟು, ಕದ್ದು ತಿಳಿದುಕೊಂಡ ಮಿತ್ರ. ಯಾರು ಯಾರನ್ನು ದೂರುವುದು? ಸಭೆಯ ನಡುವೆಯೇ ಬ್ರಿಟನ್ನಿನ ಚುನಾವಣಾ ಫಲಿತಾಂಶ ಬಂದು ಚರ್ಚಿಲ್‌ನ ಕುರ್ಚಿಯಲ್ಲಿ ಹೊಸ ಪ್ರಧಾನಿ ಆಟ್ಲಿ ಬಂದು ಕುಳಿತ. ದೂರಗಾಮಿಯಾದ ತೀರ್ಮಾನ ಯುದ್ಧ ಪರಿಹಾರದ್ದು. ಪ್ರತಿಯೊಬ್ಬರೂ ಮುಖ್ಯವಾಗಿ ತಮ್ಮ ವಲಯದಿಂದಲೇ ವಸೂಲಿ ಮಾಡಿಕೊಳ್ಳಬೇಕು ಎಂದಾಯಿತು. ಇಡೀ ಜರ್ಮನಿ ಒಂದೇ ಆರ್ಥಿಕ ಘಟಕ ಎಂದು ಅದೇ ದಾಖಲೆ ಹೇಳುತ್ತಿತ್ತು, ಆದರೆ ವಸೂಲಿ ಬೇರೆಯಾದ ಮೇಲೆ ಆರ್ಥಿಕತೆ ಒಂದಾಗಿ ಉಳಿಯುವುದು ಹೇಗೆ? ಪಶ್ಚಿಮ ಬರ್ಲಿನ್ನಿಗೆ ಹೋಗುವ ದಾರಿಗಳನ್ನು ಸೋವಿಯತ್ ಕಡೆಯವರು ಮುಚ್ಚಿದ 1948ರ ಬರ್ಲಿನ್ ದಿಗ್ಬಂಧನದ ಬೀಜ ಇಲ್ಲಿದೆ.

ಹಾಗಾದರೆ ವೈರ ಅನಿವಾರ್ಯವಾಗಿತ್ತೇ? ವೈಮನಸ್ಯ ಅನಿವಾರ್ಯ, ಆದರೆ ಅದು ತಳೆದ ರೂಪ ಅನಿವಾರ್ಯವಾಗಿರಲಿಲ್ಲ ಎಂಬುದು ನನ್ನ ತೀರ್ಮಾನ. 1945ರ ನವೆಂಬರ್‌ನಲ್ಲಿ ಹಂಗೆರಿಯಲ್ಲಿ ನಡೆದ ಚುನಾವಣೆಯಲ್ಲಿ ಸಣ್ಣ ಹಿಡುವಳಿದಾರರ ಪಕ್ಷ ಶೇ. 57 ಮತ ಪಡೆಯಿತು. ಕಮ್ಯುನಿಸ್ಟರು ಸೋತರು, ಸೋವಿಯತ್ ಸೇನೆ ಅಲ್ಲೇ ಇತ್ತು. ಫಿನ್ಲೆಂಡ್ ತನ್ನ ಆಂತರಿಕ ಸ್ವಾತಂತ್ರ್ಯ ಉಳಿಸಿಕೊಂಡಿತು. ಆಸ್ಟ್ರಿಯವನ್ನೂ ನಾಲ್ಕು ಭಾಗ ಮಾಡಿದ್ದರು, 1955ರಲ್ಲಿ ನಾಲ್ವರೂ ಹೊರನಡೆದರು. ಎಲ್ಲ ಕಡೆಗೂ ಒಂದೇ ನಕ್ಷೆ ಸ್ಟಾಲಿನ್ ಬಳಿ ಇರಲಿಲ್ಲ. ಪೋಲೆಂಡ್ ಮಾತ್ರ ಅವನು ಬಿಡಲೊಲ್ಲದ ದಾರಿ. ಯಾಲ್ಟಾದಲ್ಲಿ ತಿಂಗಳೊಳಗೆ ಆಗಬಹುದು ಎಂದಿದ್ದ ಪೋಲಿಷ್ ಚುನಾವಣೆ ನಡೆದದ್ದು 1947ರ ಜನವರಿಯಲ್ಲಿ, ಅದೂ ಅಕ್ರಮಗಳ ನಡುವೆ. ಅದೇ ವರ್ಷ ಮಾರ್ಚ್‌ನಲ್ಲಿ ಕಮ್ಯುನಿಸಂ ಹರಡದಂತೆ ತಡೆಯುವ ಟ್ರೂಮನ್ ಸಿದ್ಧಾಂತ, ಜೂನ್‌ನಲ್ಲಿ ಯುರೋಪಿಗೆ ಅಮೆರಿಕದ ಆರ್ಥಿಕ ನೆರವಿನ ಮಾರ್ಷಲ್ ಯೋಜನೆ, ಅಕ್ಟೋಬರ್‌ನಲ್ಲಿ ಪೋಲಿಷ್ ವಿರೋಧ ಪಕ್ಷದ ನಾಯಕ ಮಿಕೊವೈಚಿಕ್ ದೇಶ ಬಿಟ್ಟು ಓಡಿಹೋದದ್ದು. ಬಾಗಿಲುಗಳು ಮುಚ್ಚಿದ್ದು ಆ ವರ್ಷ.

ನಿಮ್ಮ ಕೊನೆಯ ಪ್ರಶ್ನೆ ಭಾರತದ ಬಗ್ಗೆ. ಪ್ರಸ್ತಾಪ ಇತ್ತು, ಆದರೆ ಬೆನ್ನ ಹಿಂದೆ. ಟೆಹರಾನ್‌ನ ಮೊದಲ ದಿನವೇ ರೂಸ್‌ವೆಲ್ಟ್ ಸ್ಟಾಲಿನ್‌ಗೆ, ಚರ್ಚಿಲ್ ಎದುರಿಗೆ ಭಾರತದ ಮಾತೆತ್ತಬೇಡಿ ಎಂದು ಕಿವಿಮಾತು ಹೇಳಿದ. ಅಲ್ಲಿಗೆ ಬೇಕಾದದ್ದು ತಳಮಟ್ಟದಿಂದ, ಒಂದು ರೀತಿಯಲ್ಲಿ ಸೋವಿಯತ್ ಮಾದರಿಯ ಸುಧಾರಣೆ ಎಂದೂ ಸೇರಿಸಿದ. ಜಾತಿಗಳ ಆ ದೇಶದಲ್ಲಿ ತಳದಿಂದ ಸುಧಾರಣೆ ಎಂದರೆ ಕ್ರಾಂತಿಯೇ ಎಂದು ಅಮೆರಿಕದ ಅಧ್ಯಕ್ಷನಿಗೆ ತಿಳಿಹೇಳಿದವನು ಸ್ಟಾಲಿನ್! ರೂಸ್‌ವೆಲ್ಟ್ ಮತ್ತು ಚರ್ಚಿಲ್ ಒಟ್ಟಿಗೆ ಹೊರಡಿಸಿದ್ದ ಅಟ್ಲಾಂಟಿಕ್ ಸನದಿನ ಸ್ವಯಮಾಡಳಿತದ ಮಾತು ಭಾರತಕ್ಕೆ ಅನ್ವಯಿಸುವುದಿಲ್ಲ ಎಂದು ಚರ್ಚಿಲ್ 1941ರ ಸೆಪ್ಟೆಂಬರ್‌ನಲ್ಲೇ ಸಂಸತ್ತಿನಲ್ಲಿ ಹೇಳಿದ್ದ. ಆದರೂ ಅವನ ಶೇ. 90ರ ಗ್ರೀಸನ್ನು ಕಾಯಲು ಹೋದ ಸೈನ್ಯದಲ್ಲಿ ನಾಲ್ಕನೇ ಇಂಡಿಯನ್ ಡಿವಿಷನ್ ಇತ್ತು.

ಯಾಲ್ಟಾದಲ್ಲಿ ಉಕ್ರೇನ್ ಮತ್ತು ಬೆಲರೂಸ್‌ಗೆ ವಿಶ್ವಸಂಸ್ಥೆಯಲ್ಲಿ ಪ್ರತ್ಯೇಕ ಸ್ಥಾನ ಗಿಟ್ಟಿಸಿಕೊಳ್ಳಲು ಸೋವಿಯತ್ ಕಡೆಗೆ ನೆರವಾದ ವಾದಗಳಲ್ಲಿ ಒಂದು ಬ್ರಿಟಿಷ್ ಸಾಮ್ರಾಜ್ಯದ ಹಲವು ಮತಗಳದು. ಸ್ವತಂತ್ರವಲ್ಲದ ಭಾರತವೂ ಅವುಗಳಲ್ಲಿ ಒಂದು. 1945ರ ಏಪ್ರಿಲ್‌ನಲ್ಲಿ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಬ್ರಿಟಿಷ್ ಸರ್ಕಾರ ಕಳಿಸಿದ ಭಾರತೀಯ ನಿಯೋಗದ ಮುಖ್ಯಸ್ಥರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಈ ನಿಯೋಗ ಭಾರತದ ಜನರನ್ನು ಪ್ರತಿನಿಧಿಸುವುದಿಲ್ಲ ಎಂದು ಸಭಾಂಗಣದ ಹೊರಗೆ ವಿಜಯಲಕ್ಷ್ಮಿ ಪಂಡಿತ್ ಅವರು ಪತ್ರಕರ್ತರಿಗೆ ಹೇಳುತ್ತಿದ್ದರು. ಒಳಗೆ ಮೊಲೊಟೊವ್ ಕೂಡ ಭಾರತ ಸ್ವತಂತ್ರ ರಾಷ್ಟ್ರವಲ್ಲ ಎಂದು ಬ್ರಿಟನ್ನನ್ನು ಚುಚ್ಚಿದ. ಮುದಲಿಯಾರ್ ಅವರು ವಿಶ್ವಸಂಸ್ಥೆಯ ಸನದಿಗೆ ಸಹಿ ಹಾಕಿದರು, 1946ರ ಜನವರಿಯಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು, ಅದೇ ವರ್ಷ ಮೈಸೂರು ಸಂಸ್ಥಾನದ ದಿವಾನರಾಗಿ ಬಂದರು. 1946ರ ಸೆಪ್ಟೆಂಬರ್ 7ರಂದು ಮಧ್ಯಂತರ ಸರ್ಕಾರದ ಪರವಾಗಿ ರೇಡಿಯೋದಲ್ಲಿ ಮಾತನಾಡಿದ ನೆಹರೂ ಅವರು, ಪರಸ್ಪರ ಎದುರಾಗಿ ನಿಂತಿರುವ ಗುಂಪುಗಳ ಬಲಪ್ರದರ್ಶನದ ರಾಜಕೀಯದಿಂದ ಭಾರತ ಆದಷ್ಟು ದೂರ ಇರುತ್ತದೆ ಎಂದು ಹೇಳಿದರು. ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಇಟಲಿ, ರುಮೇನಿಯ, ಹಂಗೆರಿಗಳ ಶಾಂತಿ ಒಪ್ಪಂದಗಳ ಮೇಲೆ ಎರಡೂ ಗುಂಪುಗಳು ಕಿತ್ತಾಡುತ್ತಿದ್ದವು, ಅಲ್ಲಿ ಸೇರಿದ್ದ 21 ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು.